ಅಲ್ಲವ್ವ ಗುಳಿಗೆ ನಿಲ್ಲಿಸಿದ ಐದು ದಿನ

ಬೆಲ್ಲದ ಬಾಗೇವಾಡಿಯಲ್ಲಿ ಅಲ್ಲವ್ವನ ಬಾಯಿಗೆ ಹೆದರದ ಜೀವ ಎರಡೇ ಎರಡು. ಒಂದು ಅವಳ ಮೊಮ್ಮಗಳು ಕಾಜಲ್, ಇನ್ನೊಂದು ಅವಳ ಎಮ್ಮೆ. ಉಳಿದವರೆಲ್ಲ, ಹೆತ್ತ ಮಗ ಸಾಗರನೂ ಸೇರಿ, ಆಕೆ ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಳೆಂದರೆ ಬೇರೆ ಓಣಿ ಹಿಡಿಯುತ್ತಿದ್ದರು. ಗಂಡ ಸತ್ತಾಗ ಆಕೆಗೆ ಇಪ್ಪತ್ತಾರು. ಕಂಡವರ ಕಬ್ಬಿನ ಹೊಲದಲ್ಲಿ ಕಳೆ ಕಿತ್ತು, ಒಣಗರಿಯ ರವದಿ ಸುಲಿದು ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು ಎಂಬುದನ್ನು ಬದುಕೇ ಕಲಿಸಿತ್ತು. ಹಾಗಾಗಿ ಆಕೆ ಮೆತ್ತಗಿರಲಿಲ್ಲ, ಅಷ್ಟೇ.

ಕಾಜಲ್‌ಗೆ ನಾಲ್ಕು ತುಂಬಿದ ವರ್ಷದ ಶ್ರಾವಣದಲ್ಲಿ ಮುಖ ದುಂಡಗಾಗತೊಡಗಿತು. ಬೆಳಗ್ಗೆ ಎದ್ದರೆ ಕಣ್ಣೆವೆ ಊದಿಕೊಂಡು ಎರಡು ಗೆರೆಯಷ್ಟೇ ಕಾಣುತ್ತಿದ್ದವು. ಅಲ್ಲವ್ವನಿಗೆ ಹಿಗ್ಗೋ ಹಿಗ್ಗು. ನೀರಿಗೆ ಬಂದ ಹೆಂಗಸರನ್ನೆಲ್ಲ ಕರೆಕರೆದು ತೋರಿಸಿದಳು. “ನೋಡ್ರಿ, ಹೆಂಗ ಮೈ ಹಿಡದಾಳ. ಎಮ್ಮಿ ಹಾಲು ಕುಡಿಸೇನಿ, ಸುಮ್ನ ಅಲ್ಲ.” ಹೀಗೆ ಒಂದಲ್ಲ ಎರಡಲ್ಲ, ಮೂರು ವಾರ ಆಕೆ ರೋಗವನ್ನು ಹೊತ್ತುಕೊಂಡು ಮೆರೆಸಿದಳು. ಸೊಸೆ ರಾಧಿಕಾ ಹತ್ತನೆಯ ತನಕ ಓದಿದ ಹುಡುಗಿ, ಮಾತು ಕಡಿಮೆ. ಮಗಳು ಉಚ್ಚೆ ಹೊಯ್ದರೆ ಸಾಬೂನಿನಂಥ ನೊರೆ ಏಳುವುದನ್ನು ಆಕೆ ಕಂಡಿದ್ದಳು. ಒಂದು ದಿನ ಕಾಲಿನ ಗೆಜ್ಜೆ ಬಿಚ್ಚಲು ಹೋದರೆ ಬರಲಿಲ್ಲ. ರಾಧಿಕಾ ಹೆಬ್ಬೆರಳಿಂದ ಹುಡುಗಿಯ ಮೊಣಕಾಲ ಕೆಳಗೆ ಒತ್ತಿ ತೆಗೆದಳು. ಬೆರಳು ಬಂತು, ಅಲ್ಲಿ ಬಿದ್ದ ಕುಳಿ ಹಾಗೇ ಉಳಿಯಿತು. ಅಲ್ಲವ್ವ ಅದನ್ನು ನೋಡಿ ಅಲ್ಲೇ ಕುಕ್ಕರಿಸಿದಳು.

ಗೋಕಾಕದ ಮಕ್ಕಳ ಡಾಕ್ಟರ್ ಗಜಾನನ ಅವರು ಉಚ್ಚೆ, ರಕ್ತ ಎಲ್ಲ ಪರೀಕ್ಷೆ ಮಾಡಿಸಿ ಅಜ್ಜಿ, ತಂದೆ, ತಾಯಿ ಮೂವರನ್ನೂ ಎದುರಿಗೆ ಕೂರಿಸಿಕೊಂಡರು. “ಕಿಡ್ನಿ ಅಂದ್ರ ಒಂದು ಜರಡಿ ಇದ್ದಂಗ್ರಿ. ಹೊಟ್ಟು ಕೆಳಗ ಬೀಳಬೇಕು, ಕಾಳು ಮ್ಯಾಲ ಉಳಿಬೇಕು. ನಿಮ್ಮ ಹುಡುಗಿ ಜರಡಿ ಸಡ್ಲ ಆಗೈತಿ. ರಕ್ತದಾಗಿನ ಪ್ರೋಟೀನ್ ಉಚ್ಚಿ ಕೂಡ ಸೋರಿ ಹೊಂಟೈತಿ, ಅದಕ್ಕ ಮೈಗೆ ನೀರು ತುಂಬಾಕತ್ತೈತಿ.” ರೋಗದ ಹೆಸರು ನೆಫ್ರೋಟಿಕ್ ಸಿಂಡ್ರೋಮ್ ಎಂದರು. ಅಲ್ಲವ್ವನ ನಾಲಿಗೆ ಅದಕ್ಕೆ ಹೊರಳಲಿಲ್ಲ. ಆಕೆ ಅದಕ್ಕೆ ಜರಡಿ ಬ್ಯಾನಿ ಎಂದು ಹೆಸರಿಟ್ಟಳು, ಕೊನೆಯ ತನಕ ಹಾಗೇ ಕರೆದಳು.

“ಸಾಯ್ತಾಳೇನ್ರಿ ಹುಡುಗಿ?” ಎಂದು ನೇರವಾಗಿ ಕೇಳಿದಳು.

“ಇಲ್ಲ. ಈ ಗುಳಿಗಿಗೆ ಬಗ್ಗೋ ರೋಗ ಇದು. ಹೋಗ್ತೈತಿ, ಮತ್ತ ಬರ್ತೈತಿ, ಮತ್ತ ಹೋಗ್ತೈತಿ. ಹನ್ನೆರಡು ಹದಿನಾಲ್ಕು ವರ್ಷ ಆಗೋ ಹೊತ್ತಿಗೆ ಭಾಳ ಮಕ್ಕಳಿಗೆ ತಾನ ಬಿಡ್ತೈತಿ. ಅಲ್ಲೀ ತನಕ ಕಣ್ಣಾಗ ಎಣ್ಣಿ ಹಾಕ್ಕೊಂಡು ಕಾಯಬೇಕು.”

“ಕಾಯ್ತೇನ್ರಿ,” ಎಂದಳು ಅಲ್ಲವ್ವ. ಮುಂದೆ ಮೂರು ವರ್ಷ ಅದೊಂದೇ ಆಕೆಯ ಕೆಲಸವಾಯಿತು. ಹುಡುಗಿಗೆ ಹನ್ನೆರಡು ತುಂಬಿಸಬೇಕು, ತಾನು ಅಲ್ಲಿಯ ತನಕ ಗಟ್ಟಿಯಾಗಿರಬೇಕು.

ನರ್ಸ್ ಬಾಯಿ ಒಂದು ಗಾಜಿನ ನಳಿಕೆ ಕೊಟ್ಟು ಮನೆಯಲ್ಲೇ ಪರೀಕ್ಷೆ ಮಾಡುವುದನ್ನು ಕಲಿಸಿದಳು. ದಿನಾ ಬೆಳಗಿನ ಮೊದಲ ಉಚ್ಚೆಯನ್ನು ನಳಿಕೆಗೆ ಹಾಕಿ ಮೇಲ್ಭಾಗವನ್ನು ಕಾಯಿಸಬೇಕು, ಮಬ್ಬಾದರೆ ಬಾಟಲಿಯ ಹುಳಿನೀರನ್ನು ನಾಲ್ಕು ಹನಿ ಬಿಡಬೇಕು, ಆಮೇಲೂ ಮಬ್ಬಾಗಿಯೇ ಉಳಿದರೆ ಸೋರುತ್ತಿದೆ ಎಂದರ್ಥ. ಎಷ್ಟು ಮಬ್ಬು ಎಂಬುದನ್ನು ವಹಿಯಲ್ಲಿ ಬರೆಯಬೇಕು. ಬರೆಯುವ ಕೆಲಸ ರಾಧಿಕಾಳದು, ಕಾಯಿಸುವ ಕೆಲಸ ಅಲ್ಲವ್ವನದು. ಅಕ್ಷರ ಬಾರದ ಆಕೆ ತನ್ನದೇ ಅಳತೆ ಮಾಡಿಕೊಂಡಳು. ತಿಳಿ ಇದ್ದರೆ ನೀರು. ತುಸು ಮಬ್ಬಿದ್ದರೆ ಮಜ್ಜಿಗೆ ತಿಳಿ. ಹೆಚ್ಚಿದ್ದರೆ ಮಜ್ಜಿಗೆ. ಗಡ್ಡೆಗಟ್ಟಿದರೆ ಮೊಸರು. ಮೂರು ದಿನ ಸಾಲಾಗಿ ಮಜ್ಜಿಗೆ ಅಥವಾ ಮೊಸರು ಬಂದರೆ ಗೋಕಾಕದ ಬಸ್ಸು ಹತ್ತಬೇಕು. ಡಾಕ್ಟರು ವಹಿ ನೋಡಿ, “ನಮ್ಮ ಲ್ಯಾಬಿಗಿಂತ ಇದ ಚಲೋ ಐತಿ,” ಎಂದು ನಕ್ಕಿದ್ದರು.

ಅಡುಗೆಯ ಒಲೆಯ ಮೇಲೆ ಉಚ್ಚೆ ಕಾಯಿಸಲು ಆಕೆಗೆ ಮನಸ್ಸಾಗಲಿಲ್ಲ. ದನದ ಕೊಟ್ಟಿಗೆಯ ಮೂಲೆಯಲ್ಲಿ ಒಂದು ಸ್ಪಿರಿಟ್ ದೀಪ ಇಟ್ಟುಕೊಂಡಳು. ಬಾಜೂ ಮನೆಯ ಕೆಂಚವ್ವ ಗೋಡೆಯ ಮೇಲಿಂದ ಇಣುಕಿ, “ಏನವಾ, ಉಚ್ಚಿ ಕುದಿಸಾಕತ್ತಿ?” ಎಂದು ನಗುತ್ತಿದ್ದಳು. “ಹೌದವಾ, ನಿಮ್ಮ ಮನಿ ಚಾಕ್ಕಿಂತ ಸ್ವಚ್ಛ ಐತಿ. ಬಾ, ಒಂದ ಕಪ್ ಕುಡದ ಹೋಗು,” ಎಂದು ಅಲ್ಲವ್ವ ಅಷ್ಟೇ ತಣ್ಣಗೆ ಹೇಳಿದ ಮೇಲೆ ಆ ಇಣುಕು ನಿಂತಿತು.

ಗುಳಿಗೆ ಬಾವು ಇಳಿಸಿತು. ಆದರೆ ಆ ಗುಳಿಗೆಯ ಕಾಟವೂ ಕಡಿಮೆಯಲ್ಲ. ಹುಡುಗಿಗೆ ತಿಂದಷ್ಟೂ ಹಸಿವು. ಮತ್ತೆ ಮುಖ ದುಂಡಗಾಯಿತು, ಈ ಸಲ ಔಷಧದಿಂದ. ಶಾಲೆಯಲ್ಲಿ ಮಕ್ಕಳು ಬೋಂಡಾ ಎಂದು ಕರೆದರು. ಬಾವು ಇದ್ದ ದಿನಗಳಲ್ಲಿ ಉಪ್ಪು ಕಟ್ಟು, ಹಪ್ಪಳ ಉಪ್ಪಿನಕಾಯಿ ಹೆಸರೆತ್ತುವಂತಿಲ್ಲ. ಕಾಜಲ್ ಸಪ್ಪೆ ಸಾರು ಕಂಡು ತಟ್ಟೆ ತಳ್ಳಿದಳೆಂದು ಅಲ್ಲವ್ವ ತಾನೂ ಸಪ್ಪೆಯನ್ನೇ ಉಂಡಳು. “ಆಯಿ, ನೀ ಯಾಕ ಉಪ್ಪು ತಿನ್ನಂಗಿಲ್ಲ? ನಿನಗೂ ಜರಡಿ ತೂತಾಗೇತೇನು?” ಎಂದು ಹುಡುಗಿ ಕೇಳಿದಳು. “ಹೂಂ ನನ್ನವ್ವಾ, ನಂದು ಹಳೀ ಜರಡಿ,” ಎಂದಳು ಅಜ್ಜಿ. ಇಬ್ಬರೂ ಎದುರುಬದುರು ಕೂತು ಉಪ್ಪಿಲ್ಲದ ಜೋಳದ ನುಚ್ಚು ಮುಗಿಸುತ್ತಿದ್ದರು.

ಮೂರು ವರ್ಷದಲ್ಲಿ ನಾಲ್ಕು ಸಲ ಮೊಸರು ಬಂತು. ನಾಲ್ಕೂ ಸಲ ಅಲ್ಲವ್ವ ಹೊತ್ತು ಮೀರದಂತೆ ಹಿಡಿದಳು. ಗೋಕಾಕದ ದವಾಖಾನೆಯ ಬೆಂಚಿನ ಮೇಲೆ ಅಳುತ್ತ ಕೂತ ಹೊಸ ತಾಯಂದಿರನ್ನು ಕಂಡರೆ ಪಕ್ಕಕ್ಕೆ ಹೋಗಿ ಕೂರುತ್ತಿದ್ದಳು. “ಅಳಬ್ಯಾಡ. ನನ್ನ ಮೊಮ್ಮಗಳನ್ನ ನೋಡು, ಓಡ್ಯಾಡಾಕತ್ತಾಳ. ಗುಳಿಗಿ ಒಂದ ಹೊತ್ತೂ ತಪ್ಪಿಸಬ್ಯಾಡ, ತಿಳೀತಿಲ್ಲೋ?” ಎಂದು ಗದರಿಸಿಯೇ ಸಮಾಧಾನ ಮಾಡುತ್ತಿದ್ದಳು. ಹೌದು, ಈ ಮಾತನ್ನು ಹೇಳುತ್ತಿದ್ದವಳು ಆಕೆಯೇ.

ಡಾಕ್ಟರು ಪ್ರತಿ ಸಲವೂ ಎರಡು ಮಾತು ಹೇಳಿ ಕಳಿಸುತ್ತಿದ್ದರು. “ಗುಳಿಗಿ ಹಠಾತ್ ಬಿಡಬ್ಯಾಡ್ರಿ. ಹೊರಗಿಂದ ಇದು ಸಿಕ್ಕೋತ ಹೋದ್ರ, ಇಂಥಾದ್ದ ರಸಾ ತಾನ ತಯಾರು ಮಾಡೋದನ್ನ ಮೈ ಮರತಿರತೈತಿ. ಜ್ವರ ಬಂದ್ರಂತೂ ದಿನ ಬಿಟ್ಟು ದಿನ ಕೊಡೋದನ್ನ ದಿನಾ ಕೊಟ್ಟು ಸೀದಾ ಇಲ್ಲಿ ಬರ್ರಿ.” ಎರಡನೆಯದು, “ಸಾಲಿಯಾಗ ಯಾರಿಗರೆ ನೀರು ಸಿಡುಬು ಎದ್ದೈತಿ ಅಂತ ತಿಳದ್ರ ಅವತ್ತ ನನ್ನ ಕಡಿ ಬರ್ರಿ. ಈ ಗುಳಿಗಿ ತಗೊಳ್ಳೋ ಮಕ್ಕಳಿಗೆ ಅದು ಹಗರ ಅಲ್ಲ. ಡೋಸ್ ಇನ್ನಷ್ಟು ಇಳಿದ ಮ್ಯಾಲ ಅದರ ಲಸಿಕಿ ಹಾಕೋಣು.” ಅಲ್ಲವ್ವ ಎರಡಕ್ಕೂ ತಲೆಯಾಡಿಸಿದ್ದಳು. ಕೇಳಿಸಿರಲಿಲ್ಲ, ತಿಳಿದಿರಲಿಲ್ಲ ಎಂದು ಹೇಳುವಂತೆಯೇ ಇಲ್ಲ.

ಜನವರಿಯಲ್ಲಿ ಮತ್ತೆ ಮೊಸರು ಬಂದು ದೊಡ್ಡ ಡೋಸು ಶುರುವಾಯಿತು. ಲಸಿಕೆ ಮುಂದಕ್ಕೆ ಹೋಯಿತು. ಫೆಬ್ರುವರಿ ಕೊನೆಗೆ ಗುಳಿಗೆ ದಿನ ಬಿಟ್ಟು ದಿನಕ್ಕೆ ಇಳಿಯಿತು. ಅದೇ ಹೊತ್ತಿಗೆ ರಾಧಿಕಾ ಎರಡನೆಯ ಬಾಣಂತನಕ್ಕೆ ತವರಿಗೆ, ಮೂಡಲಗಿಯ ಕಡೆಗೆ ಹೋದಳು. ಹೋಗುವಾಗ ವಹಿಯನ್ನು ತನ್ನ ಚೀಲಕ್ಕೆ ಹಾಕಿಕೊಂಡು, “ದಿನಾ ಫೋನ್ ಮಾಡ್ತೇನ್ರಿ ಅತ್ತಿ, ನೀವು ಹೇಳ್ರಿ, ನಾ ಅಲ್ಲೇ ಬರಕೋತೇನಿ,” ಎಂದಳು. ಸಾಗರ ಸಂಕೇಶ್ವರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವವನು. ಕಬ್ಬು ನುರಿಸುವ ದಿನಗಳಲ್ಲಿ ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಮನೆಯಲ್ಲಿ ಅಜ್ಜಿ, ಮೊಮ್ಮಗಳು, ಎಮ್ಮೆ ಉಳಿದರು.

ಮಾರ್ಚ್ ಎರಡನೆಯ ಸೋಮವಾರ ಕಾಜಲ್‌ಗೆ ಮೈ ಬೆಚ್ಚಗಾಯಿತು. ಸ್ನಾನಕ್ಕೆಂದು ಅಂಗಿ ತೆಗೆದ ಅಲ್ಲವ್ವ ಹುಡುಗಿಯ ಬೆನ್ನ ಮೇಲೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆ ನೋಡಿದಳು. ಕೈಯ ತಂಬಿಗೆ ಕೆಳಗಿಟ್ಟು ನೆಲಕ್ಕೆ ಹಣೆ ಹಚ್ಚಿದಳು. ಆಕೆಯ ಪಾಲಿಗೆ ಅದು ಸಿಡುಬಲ್ಲ. ಅಮ್ಮ ಬಂದಿದ್ದಳು.

ಈಗ ಒಂದು ಹಳೆಯ ಸಂಗತಿ ಹೇಳದೆ ಗತ್ಯಂತರವಿಲ್ಲ. ಸಾಗರನಿಗಿಂತ ಮೊದಲು ಅಲ್ಲವ್ವನಿಗೆ ಒಂದು ಹೆಣ್ಣು ಕೂಸಿತ್ತು. ಎರಡು ವರ್ಷದ್ದು. ಅದಕ್ಕೆ ಹೀಗೇ ಮೈತುಂಬ ಎದ್ದಾಗ ಅಲ್ಲವ್ವ, ಇಪ್ಪತ್ತೆರಡರ ಹುಡುಗಿ, ಅತ್ತೆಯ ಕಣ್ಣು ತಪ್ಪಿಸಿ ಹುಕ್ಕೇರಿಗೆ ನಡೆದು ಹೋಗಿ ಸೂಜಿ ಹಾಕಿಸಿಕೊಂಡು ಬಂದಿದ್ದಳು. ಮರುದಿನ ಕೂಸು ಸತ್ತಿತು. ಯಾತರಿಂದ ಸತ್ತಿತೋ ಆ ಕಾಲಕ್ಕೆ ಯಾರಿಗೆ ಗೊತ್ತು? ಆದರೆ ಅತ್ತೆ ಮಾತ್ರ ಹೆಣದ ಮುಂದೆ ಕೂತು, ಮನೆಗೆ ಬಂದ ತಾಯಿಗೆ ಸೂಜಿ ಚುಚ್ಚಿಸಿ ಕೂಸನ್ನು ಕಳಕೊಂಡಳೆಂದು ಊರಿಗೆಲ್ಲ ಕೇಳುವಂತೆ ಹಾಡಿಕೊಂಡು ಅತ್ತಳು. ಆ ಮಾತು ಅಲ್ಲವ್ವನ ಎದೆಯೊಳಗೆ ಮೂವತ್ತಾರು ವರ್ಷ ಕೂತಿತ್ತು. ಯಾರ ಮಾತಿಗೂ ಸೊಪ್ಪು ಹಾಕದ ಹೆಂಗಸು ಆ ಒಂದು ಮಾತನ್ನು ಮಾತ್ರ ನಂಬಿದ್ದಳು. ಹೆತ್ತ ಕೂಸನ್ನು ದವಾಖಾನೆಗೆ ಒಯ್ದು ತಾನೇ ಕೊಂದೆ ಎಂದು ನಂಬಿದವಳು, ಮೊಮ್ಮಗಳ ವಿಷಯದಲ್ಲಿ ಮತ್ತೆ ಅದೇ ತಪ್ಪು ಮಾಡುತ್ತಾಳೆಯೇ?

ಮಾಡಲಿಲ್ಲ. ಬೇರೆ ತಪ್ಪು ಮಾಡಿದಳು.

ಅಮ್ಮ ಬಂದ ಮನೆಯ ಕಟ್ಟಳೆ ಆಕೆಗೆ ಬಾಯಿಪಾಠ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಒಗ್ಗರಣೆ ನಿಲ್ಲಿಸಿದಳು. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊರಗೆ ಹೋಗುವಂತಿಲ್ಲ. ಔಷಧ ಎಂಬುದನ್ನು ಮುಟ್ಟುವಂತಿಲ್ಲ, ಅದು ಬಂದ ತಾಯಿಯನ್ನು ಹೊರಗೆ ದಬ್ಬಿದ ಹಾಗೆ. ಗುಳಿಗೆಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಳು. ನಳಿಕೆಯನ್ನೂ ಅಲ್ಲೇ ಇಟ್ಟಳು. ಡಾಕ್ಟರ ಮಾತು ನೆನಪಾಗಲಿಲ್ಲವೆಂದಲ್ಲ. ಡಾಕ್ಟರು ಹೇಳಿದ್ದು ರೋಗದ ಮಾತು, ಇದು ರೋಗವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಐದು ದಿನದ ಮಾತು. ಐದನೆಯ ದಿನ ಬೇವಿನ ನೀರು ಎರೆದು, ಮೊಸರನ್ನದ ಎಡೆ ಹಿಡಿದು ತಾಯಿಯನ್ನು ಕಳಿಸಿಕೊಟ್ಟರೆ ಆರನೆಯ ದಿನದಿಂದ ಮತ್ತೆ ಗುಳಿಗೆ.

ಆ ದಿನ ಸಂಜೆ ರಾಧಿಕಾಳ ಫೋನು ಬಂತು. “ಅತ್ತಿ, ಇವತ್ತು ಏನ್ ಬಂತ್ರಿ?”

“ನೀರು,” ಎಂದಳು ಅಲ್ಲವ್ವ.

“ಗುಳಿಗಿ?”

“ಕೊಟ್ಟೇನಿ ನನ್ನವ್ವಾ.”

ತುಂಬಿದ ಬಸುರಿಗೆ ಅಮ್ಮ ಬಂದ ಸುದ್ದಿ ಹೇಳಬಾರದು. ಹೇಳಿದರೆ ಓಡಿ ಬರುತ್ತಾಳೆ. ಹೀಗೆ ಯೋಚಿಸಿ ಆಡಿದ ಸುಳ್ಳು ಅದು. ಜೀವಮಾನವೆಲ್ಲ ಇದ್ದುದನ್ನು ಇದ್ದ ಹಾಗೆ ಹೇಳಿ ಎದೆಗೆ ಒದೆಸಿಕೊಂಡವಳು, ನಾಲ್ಕು ದಿನ ಸಂಜೆ ತಪ್ಪದೆ ಸುಳ್ಳು ಹೇಳಿದಳು. ಅತ್ತ ಮೂಡಲಗಿಯ ಕಡೆ ಆ ಹುಡುಗಿ ನಂಬಿ, ನೀರು, ನೀರು, ನೀರು, ನೀರು ಎಂದು ಬರೆದುಕೊಂಡಳು.

ಮೂರನೆಯ ದಿನ ಗುಳ್ಳೆ ಬಾಯೊಳಗೂ ಎದ್ದವು. ಕಾಜಲ್ ಅಂಬಲಿಯನ್ನೂ ನುಂಗಲಿಲ್ಲ. ನಾಲ್ಕನೆಯ ದಿನ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು, ಎರಡು ಸಲ ವಾಂತಿ ಮಾಡಿದಳು. “ಆಯಿ, ಗುಳಿಗಿ ಕೊಡು,” ಎಂದು ತಾನಾಗಿಯೇ ಕೇಳಿದಳು. ಮೂರು ವರ್ಷ ಗುಳಿಗೆ ನುಂಗಿ ಬೆಳೆದ ಮಗು, ಯಾವ ಹೊತ್ತಿಗೆ ಏನು ಬೇಕೆಂಬುದು ಅದಕ್ಕೆ ಗೊತ್ತಿತ್ತು. ಅಲ್ಲವ್ವ ಎದ್ದು ಕೊಟ್ಟಿಗೆಯ ತನಕ ಹೋದಳು. ಗೂಡಿಗೆ ಕೈ ಹಾಕಿ ಡಬ್ಬಿಯನ್ನು ಮುಟ್ಟಿದಳು. ಹೆಣದ ಮುಂದೆ ಕೂತು ಅತ್ತ ಅತ್ತೆಯ ದನಿ ಕಿವಿಯಲ್ಲಿ ಎದ್ದಿತು. ಕೈ ಹಿಂದಕ್ಕೆ ತೆಗೆದಳು. “ನಾಳಿ ಒಂದ ದಿನ ತಡಕೋ, ನನ್ನ ಬಂಗಾರಾ. ನಾಡದ ಕೊಡ್ತೇನಿ,” ಎಂದು ಬಂದು ಬೇವಿನ ಎಲೆಯಿಂದ ಗಾಳಿ ಹಾಕುತ್ತ ಕೂತಳು.

ಐದನೆಯ ದಿನ ಬೆಳಗ್ಗೆ ಹುಡುಗಿಯ ಮೈ ಮುಟ್ಟಿ ನೋಡಿದರೆ ತಣ್ಣಗಿತ್ತು. ಜ್ವರ ಇಳಿಯಿತು ಎಂದುಕೊಂಡಳು. ಅಲ್ಲವ್ವನಿಗೆ ಹೋದ ಜೀವ ಬಂದಂತಾಯಿತು. ತಾಯಿ ತಣ್ಣಗಾದಳು, ಇಳಿದು ಹೊಂಟಳು ಎಂದು ಕೈ ಮುಗಿದಳು. ಅಂಗೈ ಅಂಗಾಲು ತಣ್ಣಗಾಗುವುದು ಬೇರೆ, ಜ್ವರ ಬಿಡುವುದು ಬೇರೆ ಎಂದು ಆಕೆಗೆ ಹೇಳುವವರು ಅಲ್ಲಿ ಯಾರಿದ್ದರು? ಬೇವು ಹಾಕಿ ನೀರು ಕಾಯಿಸಲಿಟ್ಟಳು. ಮೊಸರನ್ನ ಕಲಸಿದಳು. “ಏಳವ್ವಾ, ಎರಕೊಳ್ಳೋಣು,” ಎಂದು ಎಬ್ಬಿಸಿದರೆ ಕಾಜಲ್ ಕಣ್ಣು ತೆರೆದಳು, ಆದರೆ ಆ ಕಣ್ಣು ಅಜ್ಜಿಯ ಮೇಲೆ ನಿಲ್ಲಲಿಲ್ಲ. ಉಸಿರು ಓಡುತ್ತಿತ್ತು.

ಅದೇ ಹೊತ್ತಿಗೆ ಪಾಳಿ ಮುಗಿಸಿ ವಾರದ ರಜೆಗೆ ಬಂದ ಸಾಗರ ಬಾಗಿಲಿನ ಬೇವು ಕಂಡು ಗಾಡಿ ಬಿಟ್ಟು ಒಳಗೆ ನುಗ್ಗಿದ. ಮಗಳ ಕೈ ಹಿಡಿದು ನೋಡಿದ. ಚಾದರದಲ್ಲಿ ಸುತ್ತಿ ಎತ್ತಿಕೊಂಡ. ಬಾಜೂದವರ ಜೀಪಿನಲ್ಲಿ ಗೋಕಾಕಕ್ಕೆ ಒಯ್ದರು. ಅಲ್ಲವ್ವ ಹಿಂದಿನ ಸೀಟಿನಲ್ಲಿ ಹುಡುಗಿಯ ಕಾಲು ತೊಡೆಯ ಮೇಲೆ ಹಾಕಿಕೊಂಡು, ದಾರಿಯುದ್ದಕ್ಕೂ ಅಂಗಾಲು ತಿಕ್ಕಿದಳು.

ಗಜಾನನ ಡಾಕ್ಟರು ಹುಡುಗಿಯನ್ನು ನೋಡಿದವರೇ ಸಲೈನು ಹಚ್ಚಿ, ಸೂಜಿಯಲ್ಲಿ ಔಷಧ ಕೊಡುತ್ತ, ತಿರುಗಿ ನೋಡದೆ ಕೇಳಿದರು. “ಗುಳಿಗಿ ಎಂದ ಕೊಟ್ಟೀರಿ ಕಡೀಕ?”

ಸಾಗರ ತಾಯಿಯ ಮುಖ ನೋಡಿದ.

“ಶನಿವಾರ,” ಎಂದಳು ಅಲ್ಲವ್ವ. “ಅಮ್ಮ ಬಂದಾಳಂತ ನಾನ ನಿಲ್ಲಿಸೇನ್ರಿ. ಇವಗ ಗೊತ್ತಿಲ್ಲ, ಸೊಸಿಗೂ ಗೊತ್ತಿಲ್ಲ. ನಾ ಒಬ್ಬಾಕಿನ ಮಾಡೇನಿ.”

ಡಾಕ್ಟರು ಸೂಜಿಯ ಔಷಧ ಮುಗಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಆಕೆ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಅಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ಸಿಡುಬು ಪುಪ್ಪುಸಕ್ಕೆ ಇಳಿದಿತ್ತು. ಗುಳಿಗೆ ತಪ್ಪಿದ ಮೈಯಲ್ಲಿ ಅದರೊಡನೆ ಗುದ್ದಾಡಲು ಬಲವಿರಲಿಲ್ಲ. ಮರುದಿನ ಮಧ್ಯಾಹ್ನ ಕಾಜಲ್ ತೀರಿಕೊಂಡಳು. ಏಳು ವರ್ಷ ಎರಡು ತಿಂಗಳು.

ರಾಧಿಕಾ ತುಂಬಿದ ಹೊಟ್ಟೆ ಹೊತ್ತು ನೇರವಾಗಿ ಬೆಳಗಾವಿಗೆ ಬಂದಿದ್ದಳು. ಅಲ್ಲವ್ವ ಅಲ್ಲಿಯೇ, ಎಲ್ಲರ ಎದುರಿಗೆ, ಇದ್ದುದನ್ನೆಲ್ಲ ಹೇಳಿದಳು. ಕಾಲಿಗೆ ಬೀಳಲು ಹೋದಳು. ರಾಧಿಕಾ ಎರಡು ಹೆಜ್ಜೆ ಹಿಂದೆ ಸರಿದಳು, ಅಷ್ಟೇ.

ಊರು ಬೇರೆಯೇ ತೀರ್ಪು ಕೊಟ್ಟಿತು. ಹುಡುಗಿಯ ದಿನಕರ್ಮಕ್ಕೆ ಬಂದ ಹೆಂಗಸರ ನಡುವೆ ಕೆಂಚವ್ವ ಅಲ್ಲವ್ವನ ಬೆನ್ನು ಸವರುತ್ತ, “ನಿಂದೇನು ತಪ್ಪಿಲ್ಲ ತಗೋ. ಮೂರು ವರ್ಷ ಆ ಇಂಗ್ಲಿಷ್ ಗುಳಿಗಿ ತಿನಿಸಿ, ಮನ್ಯಾಗ ಉಚ್ಚಿ ಕುದಿಸಿದ್ದಕ್ಕ ತಾಯಿ ಸಿಟ್ಟಾದಳು. ಆಕಿನ ಒಯ್ದಳು,” ಎಂದಳು. ಅಲ್ಲವ್ವನಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಇಡೀ ಊರು ಆಕೆಯ ಬೆನ್ನಿಗೆ ನಿಲ್ಲುತ್ತಿತ್ತು. ಆಕೆ ಕೆಂಚವ್ವನ ಕೈ ಕೊಡವಿ, “ತಾಯಿ ಒಯ್ಯಲಿಲ್ಲ. ಕೂಸು ಗುಳಿಗಿ ಕೇಳಿತು, ನಾ ಕೊಡಲಿಲ್ಲ. ನಾ ಕೊಂದೇನಿ. ಇದನ್ನ ಊರಾಗ ಹೇಳ್ರಿ,” ಎಂದಳು. ಅಂದಿನಿಂದ ಮಂದಿ ಆಕೆಗೆ ತಲೆ ಕೆಟ್ಟಿದೆ ಎಂದರು. ಎರಡು ಓಣಿ ಆಚೆ ಒಂದು ಬಾಗಿಲಿಗೆ ಬೇವು ಬಿದ್ದಾಗ ಆಕೆ ಹೋಗಿ ಹೊರಗೇ ನಿಂತು, ಕೂಸನ್ನು ಡಾಕ್ಟರಿಗೆ ತೋರಿಸಿರೆಂದು ಅಂಗಲಾಚಿದಳು. ಆ ಮನೆಯವರು ಬಾಗಿಲು ಹಾಕಿಕೊಂಡರು. ಆದರೆ ಸಂಜೆಗೆ ಆ ಹುಡುಗನನ್ನು ಹುಕ್ಕೇರಿಗೆ ಒಯ್ದರಂತೆ.

ರಾಧಿಕಾ ಐದು ತಿಂಗಳ ಹೆಣ್ಣು ಕೂಸನ್ನು ಎತ್ತಿಕೊಂಡು ಮರಳಿ ಬಂದದ್ದು ಶ್ರಾವಣ ಕಳೆದ ಮೇಲೆ. ಅತ್ತೆಗೆ ಬಡಿಸಿದಳು, ಔಷಧ ಬೇಕೇ ಎಂದು ಕೇಳಿದಳು, ಗೌರವಕ್ಕೆ ಒಂದು ಕೂದಲೆಳೆ ಕೊರತೆ ಮಾಡಲಿಲ್ಲ. ಆದರೆ ನೀರಿಗೆ ಹೋದರೂ ಕೂಸು ಸೊಂಟದ ಮೇಲೆ. ಹಿತ್ತಲಿಗೆ ಹೋದರೂ ಕೂಸು ಸೊಂಟದ ಮೇಲೆ. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದಳು. ಸಾಗರ ಒಂದು ಸಲ, “ಅವ್ವನ ಕಡಿ ಕೊಟ್ಟ ಹೋಗಬಾರದೇನು?” ಎಂದು ಹೇಳಲು ಬಾಯಿ ತೆರೆದ. ಅಲ್ಲವ್ವನೇ ಕಣ್ಣಿನಿಂದ ಅವನನ್ನು ತಡೆದಳು.

ಒಂದು ದಿನ ಎಮ್ಮೆ ಕಣ್ಣಿ ಹರಿದುಕೊಂಡು ಓಡಿತು. ಸಾಗರ ಇರಲಿಲ್ಲ. ರಾಧಿಕಾ ಯೋಚಿಸಲು ಹೊತ್ತಿಲ್ಲದೆ ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ಎಮ್ಮೆಯ ಹಿಂದೆ ಓಡಿದಳು. ಅರ್ಧ ದಾರಿಯಲ್ಲಿ ನೆನಪಾಗಿ, ಎಮ್ಮೆಯನ್ನು ಬಿಟ್ಟು ಏದುಸಿರು ಬಿಡುತ್ತ ತಿರುಗಿ ಬಂದಳು. ಒಳಗೆ ಕೂಸು ಕಿರುಚಿ ಕಿರುಚಿ ಕೆಂಪಾಗಿತ್ತು. ತೊಟ್ಟಿಲಿಗೆ ಒಂದು ಗೇಣು ದೂರದಲ್ಲಿ ಅಲ್ಲವ್ವ ನಿಂತಿದ್ದಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಕಣ್ಣೀರು ಕುಪ್ಪಸದ ತನಕ ಇಳಿದಿತ್ತು.

“ನಾ ಮುಟ್ಟಿಲ್ಲವಾ,” ಎಂದಳು ಸೊಸೆಯನ್ನು ಕಂಡ ಕೂಡಲೇ. “ಭಾಳ ಅಳಾಕತ್ತಿತ್ತು. ಖರೆ, ನಾ ಮುಟ್ಟಿಲ್ಲ.”

ರಾಧಿಕಾಗೆ ಏನಾದರೂ ಹೇಳಬೇಕೆನಿಸಿತು. ಎತ್ತಿಕೊಳ್ಳಬಾರದಿತ್ತೇನ್ರಿ ಎನ್ನಬೇಕೆನಿಸಿತು. ಆದರೆ ಬಾಗಿ ಕೂಸನ್ನು ಎದೆಗವುಚಿಕೊಂಡು, ಅತ್ತೆಯ ಮುಖ ನೋಡಲಾರದೆ ಹೊರಗೆ ನಡೆದಳು.

“ಚಲೋ ಮಾಡಾಕತ್ತಿ,” ಎಂದಳು ಅಲ್ಲವ್ವ ಹಿಂದಿನಿಂದ. “ನಾ ನಿನ್ನ ಜಾಗಾದಾಗ ಇದ್ರೂ ನನ್ನ ಕೈಯಾಗ ಕೂಸು ಕೊಡತಿರಲಿಲ್ಲ.”